ಏಳನೆಯ ಕಲಮು

ಫಾರಂನ ಆರು ಕಲಮುಗಳನ್ನು ಗುಮಾಸ್ತ ಹತ್ತು ಗಂಟೆಯೊಳಗೇ ತುಂಬಿ ಮುಗಿಸಿದ. ರೇಡಿಯೋ ಕೇಂದ್ರದ ವಿಳಾಸ, ಗೋಪುರದ ಎತ್ತರ, ಪ್ರಸಾರದ ಅವಧಿ, ಸಿಬ್ಬಂದಿ ಎಷ್ಟು ಜನ, ಇವೆಲ್ಲ ಯಾರನ್ನೂ ಕೇಳದೆ ಬರೆಯಬಹುದಾದ ಸಂಗತಿಗಳು. ಏಳನೆಯದಕ್ಕೆ ಬಂದಾಗ ಪೆನ್ನು ನಿಂತಿತು. ‘ಮುಂದಿನ ಐದು ವರ್ಷ ಕೇಂದ್ರವು ಮುಖ್ಯವಾಗಿ ಪ್ರಸಾರ ಮಾಡಲಿರುವ ಸಂಗೀತದ ಬಗೆ: ಹೊಸ ಹಾಡು, ಹಳೆಯ ಹಾಡು, ವಾದ್ಯ ಸಂಗೀತ, ಇತರೆ. ಒಂದಕ್ಕೆ ಮಾತ್ರ ಗುರುತು ಹಾಕುವುದು.’ ನಾಲ್ಕು ಪುಟ್ಟ ಚೌಕಗಳು. ಹಳೆಯ ಹಾಡಿನ ಚೌಕದ ಮೇಲೆ ಪೆನ್ನಿನ ಮೊನೆ ಇಟ್ಟು, ಒತ್ತದೆ, ಎಷ್ಟೋ ಹೊತ್ತು ಹಾಗೇ ಕೂತಿದ್ದ. ಕೊನೆಗೆ ನೋಡಿದರೆ ಗುರುತೂ ಅಲ್ಲದ, ಕಲೆಯೂ ಅಲ್ಲದ ಒಂದು ಚುಕ್ಕೆ ಬಿದ್ದಿತ್ತು. ಅದನ್ನು ರಬ್ಬರಿನಿಂದ ಉಜ್ಜಿದ. ಚುಕ್ಕೆ ಹೋಗಿ ಬೂದು ಬಣ್ಣದ ಮಚ್ಚೆಯಾಯಿತು. ಮೂವತ್ತು ವರ್ಷ ಹಾಡುಗಳ ಪಟ್ಟಿ ಬರೆದ ಕೈಗೆ ಒಂದು ಚೌಕ ನೆಟ್ಟಗೆ ತುಂಬಲು ಬರಲಿಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

ಪರವಾನಗಿ ಕಚೇರಿಯವರು ಹೋದ ತಿಂಗಳು ಮನೆಮನೆಗೆ ಹೋಗಿ ಕೇಳಿಕೊಂಡು ಬಂದಿದ್ದರು. ನೂರು ಮನೆಯಲ್ಲಿ ಮೂರು ಮನೆಯವರು ಈ ಕೇಂದ್ರ ಹಾಕುತ್ತಾರಂತೆ. ಅದರಲ್ಲೂ ಒಂದು ಮನೆಯವರು, ಬೇರೆ ಕೇಂದ್ರ ಹುಡುಕುವಾಗ ನಡುವೆ ಸಿಗುತ್ತದೆ ಅಂದರಂತೆ. ಯಾವುದಾದರೂ ಒಂದು ಬಗೆ ಆರಿಸಿಕೊಳ್ಳಿ, ಒಂದು ವರ್ಷ ಬಿಟ್ಟು ಮತ್ತೆ ಬರುತ್ತೇವೆ, ಆಗಲೂ ಹೀಗೇ ಇದ್ದರೆ ಗೋಪುರ ಇಳಿಸಿಬಿಡಿ ಎಂದು ಹೇಳಿ ಫಾರಂ ಕೊಟ್ಟು ಹೋಗಿದ್ದರು. ಫಾರಂ ನಾಳೆ ಬೆಳಗಿನ ಟಪಾಲಿಗೆ ಹೋಗಬೇಕು. ಸಂಜೆ ಐದಕ್ಕೆ ಕೇಂದ್ರದ ಒಡತಿ ಸಹಿ ಹಾಕುತ್ತಾರೆ. ಏಳನೆಯ ಕಲಮಿನ ಬಗ್ಗೆ ಅವರಿಗೆ ಅನುಮಾನವೇ ಇರಲಿಲ್ಲ. ‘ಕೋರಿಕೆ ಪುಸ್ತಕ ನೋಡಿ ಗುರುತು ಹಾಕಿ. ಜನ ಯಾವುದನ್ನ ಕೇಳಿದ್ದಾರೋ ಅದೇ ಹಾಕೋಣ. ನಮ್ಮ ಇಷ್ಟ ಏನಿದೆ ಇದರಲ್ಲಿ?’ ಎಂದಿದ್ದರು.

ಜನ ಕೇಳಿದ್ದು. ಗುಮಾಸ್ತ ಮೇಜಿನ ಮೇಲಿದ್ದ ದಪ್ಪ ಪುಸ್ತಕದ ಕಡೆ ನೋಡಲಿಲ್ಲ. ನೋಡದಿದ್ದರೂ ಅದು ಅಲ್ಲೇ ಇತ್ತು, ಮನೆಗೆ ಬಂದು ಎದ್ದುಹೋಗದ ನೆಂಟನ ಹಾಗೆ. ಒಡತಿಗೆ ಕಿವಿ ಪೂರಾ ಹೋಗಿ ಐದು ವರ್ಷವಾಗಿತ್ತು. ಕಿವಿಗೆ ಹಾಕುವ ಯಂತ್ರ ಸಿಳ್ಳೆ ಹೊಡೆಯುತ್ತದೆಂದು ಅದನ್ನು ಡ್ರಾಯರಿನಲ್ಲಿ ಮಲಗಿಸಿ, ಎದುರಿನವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದರು. ತಮ್ಮದೇ ರೇಡಿಯೋ ಅವರಿಗೆ ಕೇಳಿಸುತ್ತಿರಲಿಲ್ಲ. ಪ್ರತಿ ಶನಿವಾರ ಕನ್ನಡಕ ಹಾಕಿಕೊಂಡು ಕೋರಿಕೆ ಪುಸ್ತಕ ತೆರೆದು ವಾರದಲ್ಲಿ ಯಾರು ಯಾರಿಗಾಗಿ ಯಾವ ಹಾಡು ಕೇಳಿದರು ಎಂದು ಸಾಲು ಸಾಲಾಗಿ ಓದುವುದೇ ಅವರ ಪಾಲಿನ ರೇಡಿಯೋ. ಬಂದ ಕಾರ್ಡುಗಳನ್ನು ಅದರಲ್ಲಿ ನಕಲು ಮಾಡಿ, ಅದರಿಂದ ಚೀಟಿ ಬರೆದು ನಿರೂಪಕಿಗೆ ಕೊಡುವುದು ಗುಮಾಸ್ತನ ಕೆಲಸ. ನಾಲ್ಕು ವರ್ಷದ ಹಿಂದೆ ಒಂದು ಶನಿವಾರ ಕಾರ್ಡೇ ಬಂದಿರಲಿಲ್ಲ. ವಾರಪೂರ್ತಿ ಒಂದೂ ಇಲ್ಲ. ಆಚೆ ಕೋಣೆಯಲ್ಲಿ ಒಡತಿ ಕನ್ನಡಕವನ್ನು ಸೆರಗಿನಿಂದ ಒರೆಸುತ್ತ ಕೂತದ್ದು ಬಾಗಿಲ ಸಂದಿಯಿಂದ ಕಾಣುತ್ತಿತ್ತು. ಎರಡೂ ಗಾಜು ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಒರೆಸಿದರು. ಅವನ ಕೈ ತಾನಾಗಿ ಬರೆಯಿತು: ‘ಹಿಂದಿನ ಬೀದಿಯ ದರ್ಜಿ ಹೆಂಗಸು. ಗಂಡನೊಡನೆ ಮಾತು ಬಿಟ್ಟು ಎಂಟು ದಿನ. ಅವನ ಕಿವಿಗೆ ಬೀಳಲೆಂದು ಒಂದು ಹಳೆಯ ಹಾಡು.’

ಎಂಟು ದಿನದ ಆ ಮುನಿಸು ಈಗ ನಾಲ್ಕು ವರ್ಷಕ್ಕೆ ಬಂದು ನಿಂತಿತ್ತು. ರಾಜಿ ಮಾಡಿಸಿದರೆ ವಾರಕ್ಕೊಂದು ಸಾಲು ಕಡಿಮೆಯಾಗುತ್ತದೆಂದು ಗುಮಾಸ್ತ ರಾಜಿ ಮಾಡಿಸಿರಲಿಲ್ಲ. ಅವಳ ಹಿಂದೆಯೇ ಅವನ ಪೆನ್ನಿನಿಂದ ಬೇರೆಯವರೂ ಬಂದರು. ನಿವೃತ್ತನಾದ ಮೇಲೂ ಬೆಳಿಗ್ಗೆ ಎದ್ದು ನಿಲ್ದಾಣಕ್ಕೆ ಹೋಗಿ ಕೂರುವ ಬಸ್ ಚಾಲಕ, ಅಕ್ಕನ ಮದುವೆಯಾದ ಮೇಲೆ ದೊಡ್ಡ ಮನೆಯಲ್ಲಿ ಒಬ್ಬಳೇ ಮಲಗಲು ಹೆದರುವ ತಂಗಿ, ಪರೀಕ್ಷೆಯಲ್ಲಿ ಮೂರು ಸಲ ನಪಾಸಾದ ಅಳಿಯನಿಗೆ ಧೈರ್ಯ ಹೇಳುವ ಮಾವ. ಇವರೆಲ್ಲ ಕೇಳುತ್ತಿದ್ದದ್ದು ನಿಧಾನ ಗತಿಯ ಹಳೆಯ ಹಾಡುಗಳನ್ನೇ. ಗುಮಾಸ್ತನ ಮನಸ್ಸಿಗೆ ಹತ್ತಿದ್ದ ಹಾಡುಗಳು ಅವು ಮಾತ್ರ. ಈಗ ಹಳೆಯ ಹಾಡಿನ ಚೌಕಕ್ಕೆ ಗುರುತು ಬಿದ್ದರೆ ಊರಿನ ಕಿವಿಗೆಲ್ಲ ಅವನೊಬ್ಬನ ರುಚಿಯನ್ನು ಐದು ವರ್ಷಕ್ಕೆ ಬರೆದುಕೊಟ್ಟ ಹಾಗಾಗುತ್ತದೆ. ಊರು ಕೇಳದೇ ಹೋದರೆ ಗೋಪುರ ಇಳಿಯುತ್ತದೆ, ನಿರೂಪಕಿಯ ಕೆಲಸ ಹೋಗುತ್ತದೆ, ಗೋಪುರ ಹತ್ತಿ ಇಳಿದೇ ಮಂಡಿ ಸವೆಸಿಕೊಂಡ ಯಂತ್ರದವನ ಕೆಲಸ ಹೋಗುತ್ತದೆ. ಪುಸ್ತಕ ಸುಳ್ಳು ಎಂದು ಹೇಳಿದರೆ ಒಡತಿಗೆ ಉಳಿದಿರುವ ರೇಡಿಯೋ ಹೋಗುತ್ತದೆ.

ಅಪ್ಪನಾಗಿದ್ದರೆ ಏನು ಮಾಡುತ್ತಿದ್ದ? ಅಪ್ಪ ನ್ಯಾಯಾಲಯದ ಎದುರು ಅರ್ಜಿ ಬರೆಯುತ್ತಿದ್ದವನು. ಓದು ಬಾರದವರಿಗೆ ಕಾಗದ ಓದಿ ಹೇಳುತ್ತಲೂ ಇದ್ದ. ಒಬ್ಬ ಮುದುಕಿಗೆ ದೂರದಲ್ಲಿದ್ದ ಮಗ ಬರೆಯುತ್ತಿದ್ದದ್ದು ಎರಡೇ ಸಾಲು, ಕ್ಷೇಮ, ನೀನೂ ಕ್ಷೇಮವಾಗಿರು. ಅಪ್ಪ ಅದನ್ನು ಒಂದು ಪುಟವಾಗುವಷ್ಟು ಓದುತ್ತಿದ್ದ. ಆಗ ಕಾಲೇಜಿಗೆ ಹೋಗುತ್ತಿದ್ದ ಗುಮಾಸ್ತ ಒಂದು ದಿನ ಹಿಂದಿನಿಂದ ಬಗ್ಗಿ ಕಾಗದ ನೋಡಿದ್ದ. ಅಪ್ಪನ ಕಣ್ಣು ಕಾಗದದ ಖಾಲಿ ಜಾಗದ ಮೇಲೆ ಎಡದಿಂದ ಬಲಕ್ಕೆ, ಎಡದಿಂದ ಬಲಕ್ಕೆ ಓಡುತ್ತಿತ್ತು. ಮುಂದೊಂದು ದಿನ ಆ ಮಗನೇ ಬಂದ, ತಾಯಿ ಅವನ ಕೈ ಹಿಡಿದುಕೊಂಡು ಬಂದು, ಇವನ ಕಾಗದ ಕೇಳಿಕೊಂಡೇ ಬದುಕಿದ್ದೀನಿ ನೋಡಿ ಅಂದಳು. ಮಗ ಅಪ್ಪನ ಮುಖ ನೋಡಿದ. ಅಪ್ಪ ಮಸಿಕುಡಿಕೆಯ ಮುಚ್ಚಳ ತಿರುವುತ್ತ ಕೂತ. ಆಮೇಲೆ ಆ ಮಗ ಕಾಗದ ಬರೆಯುವುದನ್ನೇ ನಿಲ್ಲಿಸಿಬಿಟ್ಟ. ಸುಳ್ಳು ನಿಜದ ಜಾಗ ತಿಂದುಬಿಡುತ್ತದೆ ಎಂದು ಅವತ್ತು ಅನ್ನಿಸಿದ್ದು ಈಗ ಅವನ ಮೇಲೇ ತಿರುಗಿತು. ಏಕೆಂದರೆ ಡ್ರಾಯರಿನ ತಳದಲ್ಲಿ, ಹಳೆಯ ರಸೀದಿಗಳ ಕೆಳಗೆ, ಒಂದು ಕಾರ್ಡು ಇತ್ತು.

ಎರಡು ವರ್ಷದ ಹಿಂದೆ ಬಂದ ನಿಜವಾದ ಕಾರ್ಡು ಅದು. ದಪ್ಪ ಅಕ್ಷರ, ಒಂದು ಮೂಲೆಯಲ್ಲಿ ಸುಟ್ಟ ಕಂದು ಗುರುತು. ‘ಯಾವ ಹಾಡಾದರೂ ಪರವಾಗಿಲ್ಲ. ನೀರಿನ ಟ್ಯಾಂಕಿನ ಹಿಂದಿನ ಇಸ್ತ್ರಿ ಅಂಗಡಿಯವಳು.’ ಅಷ್ಟೇ. ಯಾರಿಗಾಗಿ ಎಂದಿಲ್ಲ, ಯಾಕೆ ಎಂದಿಲ್ಲ, ಹಾಡಿನ ಹೆಸರೂ ಇಲ್ಲ. ಪುಸ್ತಕದಲ್ಲಿ ಇದನ್ನು ಬರೆದರೆ ಅಂದವಿರುವುದಿಲ್ಲ ಅನ್ನಿಸಿ ಅದನ್ನು ಪಕ್ಕಕ್ಕಿಟ್ಟು, ಆ ಜಾಗದಲ್ಲಿ ದರ್ಜಿ ಹೆಂಗಸಿನಿಂದ ಒಳ್ಳೆಯ ನಾಲ್ಕು ಸಾಲು ಬರೆಸಿದ್ದ. ಈಗ ಆ ಕಾರ್ಡು ತೆಗೆದು ಕಿಸೆಗೆ ಹಾಕಿಕೊಂಡ. ಐದು ಗಂಟೆಯೊಳಗೆ ಇರುವವರೊಬ್ಬರನ್ನು, ನಿಜವಾಗಿ ಇರುವವರನ್ನು, ಕೇಳಿ ತಿಳಿದುಕೊಂಡು ಗುರುತು ಹಾಕಿದರೆ ತಪ್ಪು ಅಷ್ಟರ ಮಟ್ಟಿಗಾದರೂ ಹಗುರವಾದೀತು ಅನ್ನಿಸಿತು. ಊಟದ ಡಬ್ಬಿ ಮೇಜಿನ ಮೇಲೇ ಉಳಿಯಿತು.

ಬಸ್ಸಿನಲ್ಲಿ ಚಾಲಕನ ತಲೆಯ ಮೇಲೆ ಒಂದು ರೇಡಿಯೋ ಹಾಡುತ್ತಿತ್ತು. ತಿರುವಿನಲ್ಲಿ ಅಲೆ ಜಾರಿ ಒಂದು ಗಳಿಗೆ ನಿರೂಪಕಿಯ ದನಿ ಕೇಳಿಸಿತು. ಅವರದೇ ಕೇಂದ್ರ. ಗುಮಾಸ್ತ ನೆಟ್ಟಗೆ ಕೂತ. ಚಾಲಕ ರಸ್ತೆಯಿಂದ ಕಣ್ಣು ತೆಗೆಯದೆ ಕೈ ಎತ್ತಿ ಗುಂಡಿ ತಿರುವಿದ, ನೊಣ ಓಡಿಸಿದ ಹಾಗೆ. ಪಕ್ಕದಲ್ಲಿದ್ದವನು ಗುಮಾಸ್ತನ ಮುಖ ನೋಡಿ, ‘ಹೊಟ್ಟೆ ತೊಳೆಸುತ್ತಾ? ಕಿಟಕಿ ಕಡೆ ಬನ್ನಿ’ ಎಂದು ಜಾಗ ಬಿಟ್ಟುಕೊಟ್ಟ. ಬೇಡವೆನ್ನಲಾಗದೆ ಕಿಟಕಿಯ ಕಡೆ ಸರಿದು, ವಾಂತಿ ಬರುವವನ ಹಾಗೆಯೇ ಮುಖ ಆಚೆ ಮಾಡಿ ಕೂತ.

ಇಸ್ತ್ರಿ ಅಂಗಡಿಯೆಂದರೆ ಗೋಡೆಗೆ ಆನಿಸಿದ ತಗಡಿನ ಮಾಡು, ಕಂಬಳಿ ಹಾಸಿದ ಮೇಜು, ಮೊಳೆಗೆ ತಂತಿಯಿಂದ ಕಟ್ಟಿದ ಒಂದು ರೇಡಿಯೋ. ಹೆಂಗಸಿಗೆ ಐವತ್ತರ ಮೇಲಾಗಿರಬಹುದು. ನೀರು ಚಿಮುಕಿಸಿದ ಅಂಗಿಯ ಮೇಲೆ ಪೆಟ್ಟಿಗೆ ಓಡಿಸುತ್ತಿದ್ದಳು.

‘ಎಷ್ಟು ಬಟ್ಟೆ?’ ಎಂದಳು ತಲೆಯೆತ್ತದೆ.

‘ಬಟ್ಟೆ ಅಲ್ಲಮ್ಮ. ನಾನು ರೇಡಿಯೋದವನು.’

‘ರಿಪೇರಿಗೆ ನಾನು ಯಾರಿಗೂ ಹೇಳಿಲ್ವಲ್ಲ. ಅದು ಚೆನ್ನಾಗೇ ಇದೆ.’

ಅವನು ಕಾರ್ಡು ಮುಂದೆ ಹಿಡಿದ. ಅವಳು ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಕೈ ಒರೆಸಿಕೊಂಡು, ಕಾರ್ಡನ್ನು ದೂರ ಹಿಡಿದು ಓದಿದಳು. ‘ಅಯ್ಯೋ, ಇದು ಇನ್ನೂ ಇದೆಯಾ? ಒಂದು ತಿಂಗಳು ಕಾದೆ ನಾನು. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ. ಆಮೇಲೆ ಟಪಾಲಲ್ಲಿ ಕಳೆದುಹೋಯ್ತೇನೋ ಅಂತ ಸುಮ್ಮನಾದೆ.’

‘ಕಳೆದಿರ್ಲಿಲ್ಲ. ಹಾಡಿನ ಹೆಸರು ಇರ್ಲಿಲ್ಲ ಅಂತ...’

‘ಅದೇ ಬರೆದಿದ್ನಲ್ಲ, ಯಾವುದಾದ್ರೂ ಪರವಾಗಿಲ್ಲ ಅಂತ.’ ಅವಳ ದನಿಯಲ್ಲಿ ದೂರು ಇರಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

‘ನಿಮಗೆ ಯಾವುದು ಇಷ್ಟ? ಹೊಸ ಹಾಡಾ, ಹಳೇದಾ?’

ಅವಳು ನಕ್ಕಳು. ‘ಕೈಯಲ್ಲಿ ಪೆಟ್ಟಿಗೆ ಇರೋವಾಗ ಹೊಸದೇನು, ಹಳೇದೇನು. ಕಾಲರಿಗೆ ಬಂದಾಗ ನನಗೆ ಹಾಡೇ ಕೇಳ್ಸಲ್ಲ. ಹಾಡಿಗೆ ಮುಂಚೆ ಹೇಳ್ತಾರಲ್ಲ, ಇಂಥವರು ಇಂಥವರಿಗೋಸ್ಕರ ಕೇಳಿದ್ದಾರೆ ಅಂತ, ಅದಕ್ಕೆ ಹಾಕ್ಕೊಂಡಿರ್ತೀನಿ. ಆಗ ಮಾತ್ರ ಪೆಟ್ಟಿಗೆ ಎತ್ತಿಡ್ತೀನಿ. ನನ್ನದೂ ಒಂದು ಸಲ ಹೇಳ್ಲಿ ಅಂತ ಬರೆದೆ, ಅಷ್ಟೇ.’ ಆಮೇಲೆ ಮೇಜಿನ ಮೇಲೆ ಬಗ್ಗಿ, ದನಿ ತಗ್ಗಿಸಿ, ‘ನೀವು ಅಲ್ಲಿಯವರೇ ಅಂದ್ರಲ್ಲ. ಆ ದರ್ಜಿ ಹೆಂಗಸನ್ನ ಗಂಡ ಮಾತಾಡ್ಸಿದ್ನಾ?’ ಎಂದಳು.

‘ಇನ್ನೂ ಇಲ್ಲ’ ಎಂದಿತು ಗುಮಾಸ್ತನ ಬಾಯಿ.

‘ನನಗೆ ಗೊತ್ತಿತ್ತು. ಹಿಂದಿನ ಬೀದೀಲಿ ಇಬ್ಬರು ದರ್ಜಿಗಳಿದ್ದಾರೆ. ಕುಳ್ಳಗಿರೋಳೇ ಇರ್ಬೇಕು ಅಂತ ನನ್ನ ಲೆಕ್ಕ. ಬಾಯಿಬಿಟ್ಟು ಕೇಳೋಕಾಗುತ್ತಾ? ಅವಳ ಗಂಡ ಬಟ್ಟೆ ತಂದ್ರೆ ನಾನು ಮುಖ ಕೊಟ್ಟು ಮಾತೇ ಆಡಲ್ಲ. ಅಲ್ಲಿ ಇಟ್ಟು ಹೋಗಿ ಅಂತೀನಿ, ಅಷ್ಟೇ. ಅವನೂ ಪಾಪ ಯಾಕೆ ಅಂತ ಕೇಳಲ್ಲ, ತಪ್ಪು ಮಾಡಿದೋನ ಹಾಗೆ ತಲೆ ತಗ್ಗಿಸ್ಕೊಂಡು ಹೋಗ್ತಾನೆ.’

ವಾಪಸ್ಸು ಬರುವಾಗ ಅವನು ಬಸ್ಸು ಹತ್ತಲಿಲ್ಲ, ನಡೆದೇ ಬಂದ. ತಾನು ಬರೆದ ಒಂದು ಸಾಲಿನಿಂದ ಯಾವನೋ ಬಡಪಾಯಿ ನಾಲ್ಕು ವರ್ಷದಿಂದ ಇಸ್ತ್ರಿ ಅಂಗಡಿಯಲ್ಲಿ ತಲೆ ತಗ್ಗಿಸಿ ನಿಲ್ಲುತ್ತಿದ್ದಾನೆ. ಏನು ತಪ್ಪು ಮಾಡಿದೆನೆಂದು ಅವನು ಮನೆಗೆ ಹೋಗಿ ಯೋಚಿಸಿರಬಹುದು, ಹೆಂಡತಿಯನ್ನು ಕೇಳಿರಬಹುದು, ಅವಳು ನೀವು ಏನೋ ಮಾಡಿರುತ್ತೀರಿ ಎಂದಿರಬಹುದು. ಪುಸ್ತಕದೊಳಗೆ ಇರುವ ತನಕ ಅದು ತನ್ನ ಮತ್ತು ಒಡತಿಯ ನಡುವಿನ ಮಾತು ಅಂದುಕೊಂಡಿದ್ದ. ಅದು ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದು ಬಹಳ ದಿನವಾಗಿತ್ತು. ನೆರಳಿಲ್ಲದ ರಸ್ತೆ, ಕಿಸೆಯಲ್ಲಿ ಕಾರ್ಡು. ಹೇಳಿಬಿಡುತ್ತೇನೆ ಎಂದು ಅವನು ನಿರ್ಧಾರ ಮಾಡಲಿಲ್ಲ. ಹೇಳದೆ ಇರುವುದಕ್ಕೆ ಬೇಕಾದ ಶಕ್ತಿ ದಾರಿಯಲ್ಲೇ ಎಲ್ಲೋ ಮುಗಿದುಹೋಯಿತು.

ಒಡತಿಯ ಕೋಣೆಯಲ್ಲಿ ಕಿಟಕಿಯ ಬಿಸಿಲು ಮೇಜಿನ ಅರ್ಧದವರೆಗೆ ಬಂದಿತ್ತು. ಅವರು ಪೆನ್ನಿನ ಮುಚ್ಚಳ ತೆಗೆದು ಸಿದ್ಧವಾಗಿ ಕೂತಿದ್ದರು. ಗುಮಾಸ್ತ ಫಾರಂ ಮತ್ತು ಪುಸ್ತಕವನ್ನು ಮುಂದಿಟ್ಟು, ಮೇಜಿನ ಕಡೆ ನೋಡುತ್ತ ಹೇಳಿದ.

‘ಬಾಯಿ ಕಾಣ್ತಿಲ್ಲ. ಈ ಕಡೆ ತಿರುಗಿ ಹೇಳಿ’ ಎಂದರು ಒಡತಿ.

ತಿರುಗಿ ಹೇಳಿದ. ತುಟಿ ಸರಿಯಾಗಿ ಬಿಚ್ಚಿರಲಿಲ್ಲ.

‘ಗೊಣಗಬೇಡಿ ಗುಮಾಸ್ತ್ರೇ. ಬಾಯಿ ಬಿಟ್ಟು, ಒಂದೊಂದೇ ಮಾತು ಹೇಳಿ.’

ತಪ್ಪೊಪ್ಪಿಗೆಯನ್ನು ಪಿಸುಮಾತಿನಲ್ಲಿ ಮುಗಿಸುವ ಭಾಗ್ಯ ಅವನಿಗಿರಲಿಲ್ಲ. ದಂತವೈದ್ಯನ ಮುಂದೆ ಕೂತವನ ಹಾಗೆ ಬಾಯಿ ತೆರೆದು, ಒಂದೊಂದೇ ಅಕ್ಷರವನ್ನು ತುಟಿಯಲ್ಲಿ ಮಾಡಿ ತೋರಿಸುತ್ತ, ತನಗೇ ತಿಳಿಯದೆ ದನಿಯನ್ನೂ ಏರಿಸಿ, ‘ಪುಸ್ತಕ ಸುಳ್ಳು. ನಾನೇ ಬರೆದದ್ದು. ಆ ಜನ ಇಲ್ಲ’ ಎಂದ. ಆಚೆ ಕೋಣೆಯಲ್ಲಿ ಯಂತ್ರದವನ ಸ್ಕ್ರೂಡ್ರೈವರ್ ನೆಲಕ್ಕೆ ಬಿತ್ತು. ನಿರೂಪಕಿಯ ಕುರ್ಚಿ ಕಿರುಗುಟ್ಟಿತು. ನೆಲ ಬಾಯಿಬಿಟ್ಟರೆ ಇಳಿದುಬಿಡೋಣ ಅನ್ನಿಸಿತು ಗುಮಾಸ್ತನಿಗೆ.

ಒಡತಿ ಪುಸ್ತಕವನ್ನು ಅವನ ಕಡೆ ತಳ್ಳಿ ಒಂದು ಪೆನ್ಸಿಲ್ ಕೊಟ್ಟರು. ‘ಇರೋರಿಗೆ ಗುರುತು ಹಾಕು.’ ನೀವು ಹೋಗಿ ನೀನು ಆಗಿತ್ತು. ಮೂವತ್ತು ವರ್ಷದಲ್ಲಿ ಮೊದಲ ಸಲ. ಅವನು ಪುಟ ತಿರುವುತ್ತ ಹೋದ. ಪೆನ್ಸಿಲ್ ಅಪರೂಪಕ್ಕೆ ಕೆಳಗಿಳಿಯುತ್ತಿತ್ತು. ಬಿಸಿಲು ಮೇಜಿನಿಂದ ಜಾರಿ ಅವರ ಮಡಿಲಿಗೆ ಬಂತು. ನಾಲ್ಕು ವರ್ಷಕ್ಕೆ ಹನ್ನೊಂದು ಗುರುತು.

‘ದರ್ಜಿ ಹೆಂಗಸಿಗೆ ಗುರುತು ಹಾಕಿಲ್ಲ.’

‘ಅವಳೂ ಇಲ್ಲಮ್ಮ.’

ಒಡತಿ ಕನ್ನಡಕ ತೆಗೆದರು. ಕಣ್ಣಿನ ಕೆಳಗೆ ಎರಡು ಕೆಂಪು ಗುಳಿ. ‘ನಾಲ್ಕು ವರ್ಷದಿಂದ ಅವಳ ಗಂಡನ್ನ ಮನಸ್ಸಲ್ಲೇ ಬೈತಾ ಇದ್ದೀನಿ. ಅದೂ ದಂಡ.’ ಕನ್ನಡಕ ಮತ್ತೆ ಹಾಕಿಕೊಂಡು ಹೇಳಿದರು, ‘ನನಗೂ ಒಂದು ಅನುಮಾನ ಇತ್ತು. ಅಷ್ಟು ಜನ ಬರೀತಾರೆ, ಒಬ್ಬರೂ ಬೈಯಲ್ಲ. ನೆನ್ನೆ ಹಾಡು ಅರ್ಧಕ್ಕೆ ನಿಲ್ಸಿದ್ರಿ, ಹೆಸರು ತಪ್ಪು ಓದಿದ್ರಿ, ಏನೂ ಇಲ್ಲ. ಇದು ಯಾವ ಊರಪ್ಪ ಅನ್ಕೊಳ್ತಿದ್ದೆ. ಯಾಕೆ ಮಾಡ್ದೆ?’

‘ಖಾಲಿ ಪುಟ ನಿಮ್ಮ ಮುಂದೆ ಇಡೋಕೆ ಮನಸ್ಸಾಗ್ಲಿಲ್ಲ.’

‘ನನಗೆ ಕಿವಿ ಇಲ್ಲ ಕಣೋ. ಖಾಲಿ ನನಗೆ ಹೊಸದಲ್ಲ.’

ಅವರ ದನಿ ಗಟ್ಟಿಯಾಗಿರಲಿಲ್ಲ, ಸಿಟ್ಟೂ ಇರಲಿಲ್ಲ. ಇನ್ನೊಬ್ಬರಿದ್ದಾರೆ, ಪುಸ್ತಕದಲ್ಲಿಲ್ಲ ಎಂದು ಗುಮಾಸ್ತ ಕಿಸೆಯಿಂದ ಕಾರ್ಡು ತೆಗೆದು ಕೊಟ್ಟು, ಇಸ್ತ್ರಿ ಅಂಗಡಿಯವಳು ಹೇಳಿದ್ದನ್ನೆಲ್ಲ, ಕಾಲರು, ಎತ್ತಿಡುವ ಪೆಟ್ಟಿಗೆ, ಕುಳ್ಳಗಿನ ದರ್ಜಿ, ತಲೆ ತಗ್ಗಿಸುವ ಅವಳ ಗಂಡ, ಎಲ್ಲವನ್ನೂ ಬಾಯಿಬಿಟ್ಟು ಒಂದೊಂದಾಗಿ ಹೇಳಿದ. ಒಡತಿ ಅವನ ತುಟಿಯಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಕಾರ್ಡಿನ ಸುಟ್ಟ ಮೂಲೆಯನ್ನು ಬೆರಳಿನಿಂದ ಮುಟ್ಟಿದರು.

‘ಇವಳಿಗೆ ಯಾವ ಹಾಡು ಹಾಕ್ದೆ?’

‘ಹಾಕ್ಲಿಲ್ಲ.’

ಸಿಟ್ಟು ಬಂದದ್ದು ಆಗ. ‘ಇಲ್ಲದೇ ಇರೋರಿಗೆಲ್ಲ ಹಾಡು ಹಾಕ್ದೆ. ನಿಜವಾಗಿ ಇರೋ ಇವಳಿಗೆ ಹಾಕ್ಲಿಲ್ಲ. ಸುಳ್ಳು ಬರೆದದ್ದು ಬಿಡು, ಅದನ್ನ ಹೊಟ್ಟೆಗೆ ಹಾಕ್ಕೊಳ್ಳಬಹುದು. ಇದಕ್ಕೆ ಏನಂತ ಹೇಳ್ಲಿ ನಿನಗೆ?’

ಬೈಗುಳ ಬಿದ್ದ ಜಾಗ ಸರಿಯಾಗಿತ್ತು. ಬೆಳಿಗ್ಗೆಯಿಂದ, ಬೆಳಿಗ್ಗೆಯಿಂದ ಏನು, ಎರಡು ವರ್ಷದಿಂದ ಅವನು ಕಾಯುತ್ತಿದ್ದ ಬೈಗುಳ ಇದೇ ಇರಬೇಕು, ಅದು ಬಂದ ಮೇಲೆ ಭುಜಗಳು ತಾವಾಗಿ ಕೆಳಗಿಳಿದವು. ಒಡತಿ ಫಾರಂ ಹತ್ತಿರಕ್ಕೆ ಎಳೆದುಕೊಂಡರು. ಹಳೆಯ ಹಾಡಿನ ಪಕ್ಕದ ಬೂದು ಮಚ್ಚೆಯನ್ನು ನೋಡಿ, ಅವನ ಮುಖ ನೋಡಿ, ‘ಇತರೆ’ ಚೌಕಕ್ಕೆ ದಪ್ಪಗೆ ಗುರುತು ಹಾಕಿದರು. ಮುಂದಿನ ಗೆರೆಯ ಮೇಲೆ ನಿಧಾನವಾಗಿ ಬರೆದರು: ‘ಯಾರಿಗಾಗಿ ಎಂದು ಹೇಳಿ ಹಾಕುವ ಹಾಡು. ಯಾವುದಾದರೂ ಪರವಾಗಿಲ್ಲ.’

‘ಅವರು ಇದನ್ನ ಒಪ್ತಾರಾ ಅಮ್ಮ?’

‘ಇತರೆ ಅಂತ ಅಚ್ಚು ಹಾಕ್ಸಿದ್ದು ಅವರೇ ತಾನೇ?’ ಸಹಿ ಹಾಕಿ, ಮಸಿ ಆರಲೆಂದು ಊದಿದರು. ‘ನಾಳೆಯಿಂದ ಊರು ಸುತ್ತು. ಇಸ್ತ್ರಿಯವಳ ಹತ್ತಿರ ಹೋದ ಹಾಗೆ ಒಬ್ಬೊಬ್ಬರ ಹತ್ತಿರ ಹೋಗು, ಕೇಳ್ಕೊಂಡು ಬಾ. ಇರೋರನ್ನ ನೀಲಿ ಮಸೀಲಿ ಬರಿ. ಇಲ್ಲದೋರನ್ನ ಬರೀಲೇಬೇಕು ಅನ್ನಿಸಿದ್ರೆ ಕೆಂಪು ಮಸೀಲಿ ಬರಿ, ರೇಡಿಯೋದಲ್ಲೂ ಇದು ಕಥೆ ಅಂತ ಹೇಳ್ಸು. ನನಗೂ ಗೊತ್ತಾಗ್ಬೇಕು, ಊರಿಗೂ ಗೊತ್ತಾಗ್ಬೇಕು. ಆ ದರ್ಜಿದು ಮಾತ್ರ ಈ ವಾರವೇ ರಾಜಿ ಮಾಡ್ಸು. ಪಾಪ, ಆ ಕುಳ್ಳಿ ಗಂಡ ಬಟ್ಟೆ ತರಬೇಕಲ್ಲ.’

ವರ್ಷದ ಕೊನೆಗೆ ಗೋಪುರ ನಿಲ್ಲುತ್ತದೋ ಇಳಿಯುತ್ತದೋ ಗುಮಾಸ್ತನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದು ಇಷ್ಟು ಹಗುರವಾಗಿರುತ್ತದೆಂದೂ ಗೊತ್ತಿರಲಿಲ್ಲ. ಬೆಳಿಗ್ಗೆಯಿಂದ ಏನೂ ತಿಂದಿಲ್ಲವೆಂಬುದು ಹೊಟ್ಟೆಗೆ ಒಮ್ಮೆಲೇ ನೆನಪಾಗಿ, ಒಡತಿಯ ಎದುರೇ ಗುರ್ರೆಂದಿತು. ಅದು ಅವರಿಗೆ ಕೇಳಿಸಲಿಲ್ಲ. ಬಾಗಿಲಲ್ಲಿ ನಿರೂಪಕಿ ಬಂದು ನಿಂತಿದ್ದಳು. ಅವಳಿಗೆ ಎಲ್ಲ ಕೇಳಿಸಿತ್ತು, ನಾಲ್ಕು ವರ್ಷ ತಾನು ಇಲ್ಲದವರ ಹೆಸರು ಹೇಳಿ ಮರುಗಿದ್ದೂ ನೆನಪಾಗಿರಬೇಕು. ಮುಖ ಬಿಗಿದಿತ್ತು. ‘ನಾಳೆ ಮಾತಾಡೋಣ ನಾವಿಬ್ರೂ. ಈಗ ಆರಕ್ಕೆ ಎರಡು ನಿಮಿಷ ಇದೆ, ಕೋರಿಕೆಯ ಚೀಟಿ ಕೊಡಿ’ ಎಂದು ಕೈ ಚಾಚಿದಳು. ಗುಮಾಸ್ತ ಕಾರ್ಡನ್ನೇ ಕೊಟ್ಟ. ಅವಳು ಓದಿದಳು. ‘ಯಾವ ಹಾಡು ಹಾಕ್ಲಿ?’

‘ಅದರಲ್ಲೇ ಇದೆಯಲ್ಲ.’

ಅವಳು ಗಾಜಿನ ಆಚೆ ಹೋಗಿ ಕೂತಳು. ಗುಮಾಸ್ತ ತನ್ನ ಮೇಜಿನಿಂದ ಡಬ್ಬಿ ತಂದು, ಒಡತಿಯ ಕೋಣೆಯ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಬಿಚ್ಚಿ, ಒಂದು ತುತ್ತು ಕೈಯಲ್ಲಿ ಹಿಡಿದು ಕಾದ. ಗೋಡೆಯ ರೇಡಿಯೋದಿಂದ ದನಿ ಬಂತು: ‘ನೀರಿನ ಟ್ಯಾಂಕಿನ ಹಿಂದೆ ಇಸ್ತ್ರಿ ಅಂಗಡಿ ಇಟ್ಟಿರುವ ನಮ್ಮ ಕೇಳುಗರೊಬ್ಬರು ಎರಡು ವರ್ಷದ ಹಿಂದೆ ಒಂದು ಕಾರ್ಡು ಬರೆದಿದ್ದರು. ತಡವಾಯಿತು, ತಪ್ಪು ನಮ್ಮದು. ಈ ಹಾಡು ಅವರಿಗಾಗಿ.’ ತಗಡಿನ ಮಾಡಿನ ಕೆಳಗೆ ಪೆಟ್ಟಿಗೆ ನೆಟ್ಟಗೆ ನಿಂತದ್ದು, ಒದ್ದೆ ಕೈ ಒರೆಸಿಕೊಂಡದ್ದು ಅವನ ಕಣ್ಣ ಮುಂದೆ ಬಂತು. ಅಂಗಡಿ ಮುಚ್ಚಿರಲೂಬಹುದು, ಕೇಳಿರದೆ ಇರಲೂಬಹುದು. ಹಾಗಾಗಿದ್ದರೆ ನಾಳೆ ಮತ್ತೆ ಹೇಳಿದರಾಯಿತು.

ಒಡತಿ ರೇಡಿಯೋದ ಕಡೆ ನೋಡಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದರು.

‘ಹೇಳಿದ್ಳಾ?’

‘ಹೇಳಿದ್ರು.’

‘ಯಾವ ಹಾಡು ಹಾಕಿದ್ಳು?’

ಗುಮಾಸ್ತ ಕಿವಿಗೊಟ್ಟ. ಹಾಡು ಆಗಲೇ ಅರ್ಧ ಮುಗಿದಿತ್ತು. ಯಾವುದೆಂದು ಅವನು ಗಮನಿಸಿಯೇ ಇರಲಿಲ್ಲ.